ಮಾಡು ಎತ್ತುವುದೋ, ಎತ್ತರದ ಮಾಡೋ?

ಪ್ರವಾಸದಲ್ಲಿ ಮಲಗಲು, ಅಡುಗೆ ಮಾಡಲು ಸಜ್ಜು ಮಾಡಿದ ಗಾಡಿಗೆ ಕ್ಯಾಂಪರ್ ವ್ಯಾನ್ ಅನ್ನುತ್ತಾರೆ. ಅಂಥ ವ್ಯಾನಿನೊಳಗೆ ಬೆನ್ನು ಬಗ್ಗಿಸದೆ ನಿಲ್ಲಬೇಕಾದರೆ ಎರಡೇ ದಾರಿ. ಮಾಡನ್ನು, ಅಂದರೆ ಗಾಡಿಯ ಚಾವಣಿಯನ್ನು, ಕತ್ತರಿಸಿ, ಬೇಕಾದಾಗ ಎತ್ತುವಂಥ, ಸುತ್ತ ಬಟ್ಟೆಯ ಗೋಡೆ ಇರುವ ಮುಚ್ಚಳ ಕೂರಿಸುವುದು ಒಂದು. ಅದಕ್ಕೆ ಪಾಪ್-ಟಾಪ್ ಅನ್ನುತ್ತಾರೆ. ಕಂಪನಿಯಿಂದಲೇ ಎತ್ತರವಾಗಿ ಬಂದ ಗಾಡಿಯನ್ನು ತೆಗೆದುಕೊಳ್ಳುವುದು ಇನ್ನೊಂದು. ಅದು ಹೈ ರೂಫ್. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷ. ಭಾವ ಪಾಪ್-ಟಾಪ್ ಕಡೆ, ನಾನು ಹೈ ರೂಫ್ ಕಡೆ.

ಭಾವನ ವಾದಕ್ಕೆ ಕಾರಣ ಇದೆ. ಅವನ ಹತ್ತಿರ ಮಾರುತಿ ಈಕೋ ಇದೆ. ಹೊರಗಿನ ಎತ್ತರ 1.8 ಮೀಟರ್ ಆಸುಪಾಸು. ಕೃಷಿ ಆಫೀಸಿಗೂ ಅದೇ, ಅಡಕೆ ಮೂಟೆಗೂ ಅದೇ, ಮದುವೆಗೂ ಅದೇ. "ಇರುವ ಗಾಡಿಯ ತಲೆ ಮಾತ್ರ ಎತ್ತಿದರೆ ಸಾಕಲ್ಲ ಭಾವ, ಇನ್ನೊಂದು ಗಾಡಿ ಎಂತಕ್ಕೆ?" ಅಂತ ಅವನ ಪ್ರಶ್ನೆ. ನನ್ನ ಲೆಕ್ಕ ಬೇರೆ. ನಾನು ಶಾಲಾ ಮಾಷ್ಟ್ರು. ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ದೊಡ್ಡ ರಜೆ. ಆಮೇಲೆ ಓಣಂ, ಆಮೇಲೆ ಕ್ರಿಸ್ಮಸ್. ಓಣಂ ರಜೆ ಬರುವಾಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಮೇ ಕೊನೆಗೆ ಹೊಸ ಮಳೆ ಶುರುವಾಗಿರುತ್ತದೆ. ನನಗೆ ಸಿಗುವ ರಜೆಯಲ್ಲಿ ದೊಡ್ಡ ಪಾಲು ಒದ್ದೆ ರಜೆ. ಹಾಗಾಗಿ ಬಟ್ಟೆಯ ಗೋಡೆ ನನಗೆ ಮೊದಲಿನಿಂದಲೂ ಸಂಶಯ.

ಪಾಪ್-ಟಾಪ್ ಹುಟ್ಟಿ ಬೆಳೆದದ್ದು ಯೂರೋಪಿನಲ್ಲಿ. ಫೋಕ್ಸ್‌ವ್ಯಾಗನ್ ವ್ಯಾನ್ 1950ರಲ್ಲಿ ಬಂತು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಮರುವರ್ಷವೇ ಅದಕ್ಕೆ ಮಲಗುವ, ಅಡುಗೆ ಮಾಡುವ ಸಾಮಾನು ಜೋಡಿಸಿ ಕೊಟ್ಟಿತು. ಮಾಡು ಎತ್ತುವ ವ್ಯವಸ್ಥೆ ಆಮೇಲೆ ಬಂತು. ಇಂಗ್ಲೆಂಡಿನಲ್ಲಿ ಫೋಕ್‌ಸ್ಟನ್ ಊರಿನ ಮಾರ್ಟಿನ್ ವಾಲ್ಟರ್ ಕಂಪನಿ ಡಾರ್ಮೊಬೈಲ್ ಅಂತ ಮಾಡುತ್ತಿತ್ತು. ಅದರಲ್ಲಿ ಮಾಡು ಒಂದು ಬದಿಗೆ ತೆರೆದುಕೊಳ್ಳುತ್ತದೆ, ನಡುವೆ ಪಟ್ಟೆ ಪಟ್ಟೆ ಬಟ್ಟೆ. ಅಲ್ಲಿನವರಿಗೆ ಅದು ಯಾಕೆ ಅಷ್ಟು ಬೇಕು ಅಂದರೆ, ಪೇಟೆಯ ಕಟ್ಟಡದೊಳಗಿನ ಪಾರ್ಕಿಂಗ್‌ಗಳಲ್ಲಿ ಎರಡು ಮೀಟರ್‌ಗೆ ಅಡ್ಡ ಕಂಬಿ ಇರುವುದು ಸಾಮಾನ್ಯ. ಈಗಿನ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಮಾಡು ಮುಚ್ಚಿದಾಗ ಎರಡು ಮೀಟರ್‌ಗಿಂತ ಚೂರೇ ಕಮ್ಮಿ. ಆ ಅಳತೆ ಸುಮ್ನೆ ಬಂದದ್ದಲ್ಲ. ನಾಲ್ಕು ದಿನ ಆಫೀಸು, ಎರಡು ದಿನ ಕಾಡು ಅನ್ನುವವರ ಗಾಡಿ ಅದು. ನಮಗೆ ಅಂಥ ಕಂಬಿ ಸಿಗುವುದು ಮಂಗಳೂರಿನ ಮಾಲ್‌ಗೆ ಹೋದಾಗ. ಅಲ್ಲಿಗೆ ಕ್ಯಾಂಪರ್ ವ್ಯಾನ್ ಹಾಕಿಕೊಂಡು ಯಾರು ಹೋಗುತ್ತಾರೆ?

ಕತ್ತರಿಸುವ ಮೊದಲು ಕಾನೂನು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಓದದೆ ದಾಟಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮಾಡಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಆ ಕೇಸು ಹೋದದ್ದೂ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಒಪ್ಪಿಗೆ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2021ರ ಆಗಸ್ಟ್‌ನಲ್ಲಿ ಪಕ್ಕದ ಕಣ್ಣೂರಿನಲ್ಲಿ ಯೂಟ್ಯೂಬ್ ಮಾಡುವ ಅಣ್ಣತಮ್ಮಂದಿರ ವ್ಯಾನನ್ನು ಇಲಾಖೆ ಹಿಡಿದಿಟ್ಟದ್ದು ಇಲ್ಲಿ ಎಲ್ಲರಿಗೂ ಗೊತ್ತು. ಕಾರ್ಖಾನೆಯಿಂದ ಮನೆಗಾಡಿಯಾಗಿಯೇ ಬರುವ ವಾಹನಕ್ಕೆ ಎಐಎಸ್-124 ಅಂತ ಬೇರೆ ಮಾನದಂಡ ಇದೆ. ಮನೆ ಅಂಗಳದಲ್ಲಿ ಗ್ರೈಂಡರ್ ಹಿಡಿದು ಮಾಡಿದ್ದು ಅದರೊಳಗೆ ಬರುವುದಿಲ್ಲ. ಮಾಡು ಕತ್ತರಿಸುವುದು ಅಂದರೆ ಗಾಡಿಯ ಅಸ್ಥಿಪಂಜರಕ್ಕೇ ಕೈ ಹಾಕಿದ ಹಾಗೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೂ ಅದನ್ನೇ.

ಈ ಮಾತು ಕೇಳಿದ ಮೇಲೂ ಭಾವ ಬಿಡಲಿಲ್ಲ. "ಸರಿ, ಈಕೋ ಮುಟ್ಟುವುದಿಲ್ಲ. ಗುಜರಿಯಿಂದ ಒಂದು ಮಾಡು ತರುವ. ಮಳೆಗಾಲದಲ್ಲಿ ಅಂಗಳದಲ್ಲಿ ಇಡುವ. ಆಮೇಲೆ ಮಾತಾಡು" ಅಂದ. ಇದು ಒಳ್ಳೆಯ ಯೋಚನೆ. ಮಾರುತಿ ಓಮ್ನಿ 2019ಕ್ಕೆ ನಿಂತಿತು, ಹಳೆಯವು ಗುಜರಿಗೆ ಬರುತ್ತಲೇ ಇವೆ. ಒಂದರ ಮಾಡನ್ನು ಕಂಬಗಳ ಸಮೇತ ಕಿಟಕಿಯ ಕೆಳಗೆ ಕತ್ತರಿಸಿ ಕೊಟ್ಟರು. ಪಿಕಪ್‌ನಲ್ಲಿ ತಂದು, ಅಂಗಳದ ಮೂಲೆಯಲ್ಲಿ ನಾಲ್ಕು ಸಾಲು ಕೆಂಪು ಕಲ್ಲು ಜೋಡಿಸಿ ಅದರ ಮೇಲೆ ಕೂರಿಸಿದೆವು. ನಮ್ಮ ಪಾಪ್-ಟಾಪ್ ಪರೀಕ್ಷೆಗೆ ಅದೇ ಗಾಡಿ.

ಗೆರೆ ಹಾಕಿ ಕತ್ತರಿಸಿದ್ದು 1.6 ಮೀಟರ್ ಉದ್ದ, 1.2 ಮೀಟರ್ ಅಗಲ. ಓಮ್ನಿಯ ಮಾಡು ಬೆರಳಲ್ಲಿ ಒತ್ತಿದರೆ ಟಪ್ ಅನ್ನುವ ತಗಡು. ಬಲ ಇರುವುದು ಅದರ ಕೆಳಗೆ ಅಡ್ಡಕ್ಕೆ ಹಾಕಿದ ಪಟ್ಟಿಗಳಲ್ಲಿ. ಆ ಪಟ್ಟಿ ಕತ್ತರಿಸುವ ತನಕ ಎಲ್ಲ ಗಟ್ಟಿಯಾಗಿತ್ತು. ಕೊನೆಯ ಪಟ್ಟಿ ತುಂಡಾದ ಕೂಡಲೇ ಭಾವ ಒಂದು ಮೂಲೆಗೆ ಕೈ ಇಟ್ಟು ಒತ್ತಿದ. ಎದುರಿನ ಮೂಲೆ ಒಂದು ಇಂಚು ಮೇಲೆ ಬಂತು. ಒಂದು ಕೈಯ ಒತ್ತಡಕ್ಕೆ! ಅಷ್ಟರಲ್ಲಿ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಯೂರೋಪಿನಲ್ಲಿ ಪಾಪ್-ಟಾಪ್ ಕಿಟ್ ಮಾರುವವರು ಅದರ ಜೊತೆ ಉಕ್ಕಿನ ಚೌಕಟ್ಟು ಯಾಕೆ ಕೊಡುತ್ತಾರೆ ಅಂತ ಇದನ್ನು ನೋಡಿದರೆ ಗೊತ್ತಾಗುತ್ತದೆ. ಕಿತ್ತ ಪಟ್ಟಿಗಳ ಕೆಲಸವನ್ನು ಆ ಚೌಕಟ್ಟು ಮಾಡಬೇಕು.

ನಾವು ಒಂದೂವರೆ ಇಂಚಿನ ಸ್ಕ್ವೇರ್ ಪೈಪಿನಲ್ಲಿ ಚೌಕಟ್ಟು ಮಾಡಿಸಿದೆವು. ಅದನ್ನು ತಗಡಿಗೆ ವೆಲ್ಡ್ ಮಾಡಲಿಲ್ಲ. ಅಷ್ಟು ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತದೆ, ಸುತ್ತಲಿನ ಪೇಂಟ್ ಸುಟ್ಟು ಒಳಗಿನಿಂದ ತುಕ್ಕು ಶುರುವಾಗುತ್ತದೆ. ಬಸ್ಸಿನ ಗಾಜು ಅಂಟಿಸುವ ಪಿಯು, ಅಂದರೆ ಪಾಲಿಯುರೆಥೇನ್, ಅಂಟು ಹಾಕಿದೆವು. ಟ್ಯೂಬಿನ ಮೂತಿಯನ್ನು ವಿ ಆಕಾರಕ್ಕೆ ಕತ್ತರಿಸಿದರೆ ಅಂಟು ತ್ರಿಕೋನವಾಗಿ ಎದ್ದು ನಿಲ್ಲುತ್ತದೆ, ಒತ್ತಿದಾಗ ಎರಡೂ ಬದಿಗೆ ಸರಿಯಾಗಿ ಹರಡುತ್ತದೆ. ಈ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ನಮ್ಮ ಕರಾವಳಿಯ ಸೆಖೆಗೆ ಅದಕ್ಕೆ ಬೇಕಾದ್ದೆಲ್ಲ ಇದೆ. ಈ ಹವೆ ಉಪಕಾರ ಮಾಡಿದ್ದು ಇಡೀ ಕೆಲಸದಲ್ಲಿ ಅದೊಂದೇ ಕಡೆ.

ಮುಚ್ಚಳಕ್ಕೆ ಇಚ್ಚನ ಹತ್ತಿರ ಹೋದೆವು. ಕಡಪ್ಪುರದಲ್ಲಿ ಮೀನುಗಾರಿಕೆಯ ಫೈಬರ್ ದೋಣಿ ರಿಪೇರಿ ಮಾಡುವವರು ಅವರು. ಊರಿಗೆಲ್ಲ ಇಚ್ಚ. ದೋಣಿಯ ಹೊಟ್ಟೆ ಮಾಡುವವರಿಗೆ ವ್ಯಾನಿನ ಮುಚ್ಚಳ ದೊಡ್ಡದಲ್ಲ. "ಮಾಷ್ಟ್ರೇ, ಇದು ದೋಣಿ ಮಗುಚಿ ಹಾಕಿದ್ದು ಅಷ್ಟೇ. ಆದರೆ ದೋಣಿಗೆ ಹೊರಗೆ ನೀರು, ನಿಮಗೆ ಮೇಲೆ ನೀರು" ಅಂದರು. ಪ್ಲೈವುಡ್‌ಗೆ ಮೈಕಾ ಅಂಟಿಸಿ ಅಚ್ಚು ಮಾಡಿದರು. ಮೇಣ ತಿಕ್ಕಿದರು. ಮೊದಲು ಜೆಲ್‌ಕೋಟ್, ಅಂದರೆ ಹೊರಮೈಯಾಗುವ ರೆಸಿನ್ ಪದರ. ಅದು ಕೈಗೆ ಅಂಟಿ ಅಂಟದ ಹಾಗೆ ಆದಾಗ 450 ಗ್ರಾಮಿನ ಗಾಜಿನ ನಾರಿನ ಮ್ಯಾಟ್ ಮೂರು ಪದರ, ಪ್ರತಿ ಪದರಕ್ಕೂ ರೆಸಿನ್, ರೋಲರಿನಿಂದ ಗಾಳಿಗುಳ್ಳೆ ಒತ್ತಿ ತೆಗೆಯುವುದು. ರೆಸಿನ್ ಗಟ್ಟಿಯಾಗಲು ಹಾಕುವ ಕ್ಯಾಟಲಿಸ್ಟ್ ಒಂದು ಕಿಲೋಗೆ ಹತ್ತರಿಂದ ಇಪ್ಪತ್ತು ಮಿಲಿ. ಬಿಸಿಲಿದ್ದರೆ ಕಮ್ಮಿ, ಮೋಡ ಇದ್ದರೆ ಜಾಸ್ತಿ. ಇಚ್ಚ ಅಳೆಯುವುದು ಬಾಟಲಿ ಮುಚ್ಚಳದಲ್ಲಿ.

ಒಂದು ವಿಷಯದಲ್ಲಿ ಮಾತ್ರ ಅವರು ಸಲುಗೆ ಕೊಡುವವರಲ್ಲ. ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್‌ನ ಬಾಟಲಿ ಜಗಲಿಯ ಈ ತುದಿ, ಕ್ಯಾಟಲಿಸ್ಟ್ ಬಾಟಲಿ ಆ ತುದಿ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಬೇಕು, ಕ್ಯಾಟಲಿಸ್ಟ್ ಆಮೇಲೆ. ಎರಡನ್ನು ನೇರವಾಗಿ ಸೇರಿಸಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಸಹಾಯಕ್ಕೆ ಬಂದ ಹುಡುಗ ಎರಡೂ ಬಾಟಲಿ ಒಟ್ಟಿಗೆ ಎತ್ತಿಕೊಂಡದ್ದಕ್ಕೆ ಅವನನ್ನು ಬಾವಿಕಟ್ಟೆಗೆ ಓಡಿಸಿದರು.

ಮುಚ್ಚಳ ಅಡಕೆ ತೂಗುವ ತಕ್ಕಡಿಯಲ್ಲಿ 22 ಕಿಲೋ ಬಂತು. ಮುಂದಿನ ತುದಿಗೆ ಕೀಲು, ಹಿಂದಿನ ತುದಿ ಏಳುವ ಹಾಗೆ. ಎತ್ತಲು ಕಾರಿನ ಡಿಕ್ಕಿಗೆ ಇರುತ್ತದಲ್ಲ, ಆ ಗ್ಯಾಸ್ ಸ್ಟ್ರಟ್ ಎರಡು. ಇದರ ಲೆಕ್ಕ ಹೈಸ್ಕೂಲಿನ ಸನ್ನೆಕೋಲೇ. ಭಾರದ ಕೇಂದ್ರ ಕೀಲಿನಿಂದ 0.8 ಮೀಟರ್ ದೂರ. 22 ಕಿಲೋಗೆ ಅಲ್ಲಿ ಸುಮಾರು 173 ನ್ಯೂಟನ್-ಮೀಟರ್ ತಿರುಗುಬಲ. ಮಾಡು ಎತ್ತಿದ ಸ್ಥಿತಿಯಲ್ಲಿ ಸ್ಟ್ರಟ್ ಕೀಲಿನಿಂದ ಕಾಲು ಮೀಟರ್ ದೂರದಲ್ಲಿ ತಳ್ಳುತ್ತದೆ. ಹಾಗಾದರೆ ಎರಡೂ ಸೇರಿ 700 ನ್ಯೂಟನ್ ಬೇಕು. 400 ಅಂತ ಮೈಮೇಲೆ ಬರೆದಿರುವ ಎರಡು ಸಾಕು. ಮುಚ್ಚಿದ ಸ್ಥಿತಿಯಲ್ಲಿ ಸ್ಟ್ರಟ್ ಮಲಗಿರುತ್ತದೆ, ಬಲ ಸರಿಯಾಗಿ ಹತ್ತುವುದಿಲ್ಲ. ಮೊದಲ ಒಂದಡಿ ಕೈಯಲ್ಲೇ ಎತ್ತಬೇಕು. ಇನ್ನೊಂದು: ಮುಚ್ಚಿದಾಗ ಸ್ಟ್ರಟ್‌ನ ಸಪೂರ ಕಂಬಿ ಕೆಳಮುಖವಾಗಿರಬೇಕು. ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತರೆ ಸೀಲು ಒಣಗುವುದಿಲ್ಲ. ತಲೆಕೆಳಗಾಗಿ ಹಾಕಿದರೆ ಗ್ಯಾಸ್ ಬೇಗ ಹೋಗುತ್ತದೆ.

ಸುತ್ತಲಿನ ಬಟ್ಟೆ ಹೊಲಿದವರು ರಿಕ್ಷಾ ಹುಡ್ ಹೊಲಿಯುವವರು. ಲಾರಿಗೆ ಹಾಕುವ ಪಿವಿಸಿ ಲೇಪದ ಟರ್ಪಾಲು ಸುಲಭಕ್ಕೆ ಸಿಗುತ್ತದೆ. ಅದರಿಂದ ನೀರು ಒಳಗೆ ಬರುವುದಿಲ್ಲ, ಒಳಗಿನ ತೇವ ಹೊರಗೂ ಹೋಗುವುದಿಲ್ಲ. ಯೂರೋಪಿನವರು ಹಾಕುವ ಅಕ್ರಿಲಿಕ್ ಕ್ಯಾನ್ವಾಸ್ ಸ್ವಲ್ಪ ಉಸಿರಾಡುತ್ತದೆ. ಎರಡನ್ನೂ ನೋಡುವ ಅಂತ ಎಡಗಡೆಗೆ ಟರ್ಪಾಲು, ಬಲಗಡೆಗೆ ಅಕ್ರಿಲಿಕ್ ಹೊಲಿಸಿದೆವು. ನೋಡಲು ವಿಕಾರವಾಗಿತ್ತು. ಮನೆಗೆ ಬಂದವರೆಲ್ಲ ಇದು ಎಂತ ಮಾರಾಯ್ರೆ ಅಂತ ಕೇಳಿ ಕೇಳಿ ಹೋದರು.

ಜೂನ್ ಬಂತು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಮುಚ್ಚಳದ ವಿಸ್ತೀರ್ಣ 1.9 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಹೊಡೆದರೆ ಗಂಟೆಗೆ 95 ಲೀಟರ್. ಮುಚ್ಚಳ ಓರೆಯಾಗಿರುವುದರಿಂದ ಅಷ್ಟೂ ನೀರು ಮುಂದಿನ ಕೀಲಿನ ಕಡೆಗೇ ಓಡುತ್ತದೆ. ಅಲ್ಲಿ ಬಟ್ಟೆ ಮಡಿಕೆಯಾಗಿ ಕೂತಿದೆ, ರಬ್ಬರ್ ಬೀಡಿಂಗ್ ಇದೆ, ಕೀಲಿನ ಬೋಲ್ಟ್ ಇದೆ. ಮೊದಲ ಜಡಿಮಳೆಗೇ ಬೋಲ್ಟ್ ಬುಡದಲ್ಲಿ ಹನಿ ಇಳಿಯಿತು. ಭಾವ ಹೇಳಿದ, ದಂಬೆ ಹಾಕುವ. ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ದಂಬೆ ಮಾಡಿ ನೀರನ್ನು ಎರಡು ಬದಿಗೆ ಒಡೆದ. ಸೋರುವುದು ನಿಂತಿತು. ಭಾವನ ಕೈಕೆಲಸಕ್ಕೆ ಇಲ್ಲಿ ಪೂರ್ತಿ ಮಾರ್ಕು.

ಹೊಲಿಗೆಯೂ ಸೋರಿತು. ಸೂಜಿ ಹೋದ ಒಂದೊಂದು ತೂತೂ ಒಂದೊಂದು ಒರತೆ. ಸೀಮ್ ಸೀಲರ್ ಹಚ್ಚಿದ ಮೇಲೆ ಅದೂ ನಿಂತಿತು. ಪಾಪ್-ಟಾಪ್ ಸೋರುತ್ತದೆ ಅಂತ ಬಯ್ಯುವವರಿಗೆ ನಾನು ಹೇಳುವುದು ಇಷ್ಟೇ, ಸರಿಯಾಗಿ ಮಾಡಿದರೆ ಸೋರುವುದಿಲ್ಲ.

ತಂಟೆ ಬಂದದ್ದು ಒಣಗುವುದರಲ್ಲಿ. ಪ್ರವಾಸ ಅಂದರೆ ರಾತ್ರಿ ಮಾಡು ಎತ್ತಬೇಕು, ಬೆಳಿಗ್ಗೆ ಇಳಿಸಿ ಹೊರಡಬೇಕು. ನಾವು ಅದನ್ನೇ ಮಾಡಿದೆವು. ಸಂಜೆ ಎತ್ತುವುದು, ಬೆಳಿಗ್ಗೆ ಒದ್ದೆ ಬಟ್ಟೆಯನ್ನೇ ಒಳಗೆ ಮಡಚಿ ಕ್ಲಿಪ್ ಹಾಕುವುದು. ಒದ್ದೆ ಕೊಡೆಯನ್ನು ಮಡಚಿ ಚೀಲದೊಳಗೆ ಇಟ್ಟ ಹಾಗೆ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದರೂ ಒಳಗಿನ ಮಡಿಕೆಗೆ ತಾಗುವುದಿಲ್ಲ. ಆಟಿ ತಿಂಗಳಲ್ಲಿ ಒಗೆದ ಬೈರಾಸು ಮೂರು ದಿನಕ್ಕೂ ಒಣಗದ ಊರು ಇದು. ವಾರ ಕಳೆಯುವಷ್ಟರಲ್ಲಿ ಟರ್ಪಾಲಿನ ಬದಿ ಒಳಗಿನಿಂದ ಬೆವರತೊಡಗಿತು. ಇಬ್ಬರು ಮಲಗಿದರೆ ಒಂದು ರಾತ್ರಿಯ ಉಸಿರು, ಬೆವರು ಸೇರಿ ಅರ್ಧ ಲೀಟರ್ ನೀರು ಎಲ್ಲಿಗೂ ಹೋಗದೆ ಆ ಬಟ್ಟೆಗೇ ಕೂರುತ್ತದೆ. ಅಕ್ರಿಲಿಕ್ ಬದಿ ಬೆವರಲಿಲ್ಲ. ಆದರೆ ಮಡಿಕೆಯ ಗೆರೆಗಳಲ್ಲಿ ಕಪ್ಪು ಚುಕ್ಕೆ ಬಂತು. ಮೊದಲು ಸಾಸಿವೆ ಚೆಲ್ಲಿದಷ್ಟು, ಆಮೇಲೆ ಗೆರೆಗೆ ಗೆರೆಯೇ ಕಪ್ಪು. ವಿನೆಗರ್ ಹಾಕಿ ಉಜ್ಜಿದೆ. ಬೂಷ್ಟು ಹೋಯಿತು, ಕಲೆ ಹೋಗಲಿಲ್ಲ. ವಾಸನೆಯಂತೂ ಹಾಗೇ ಇದೆ. ಆಮೇಲೆ ಮುಚ್ಚಳದ ಒಳಗೆ ಹಾಸಿದ್ದ ಎರಡಿಂಚಿನ ಫೋಮ್ ಹಾಸಿಗೆ. ಅದರ ತಳ ಮುಟ್ಟಿದರೆ ತಣ್ಣಗೆ, ಹಿಂಡಿದರೆ ನೀರು.

ನನ್ನ ಹೆಂಡತಿ ಒಂದೇ ಸಲ ಏಣಿ ಹತ್ತಿ ಮೂಗು ಒಳಗೆ ಹಾಕಿ ನೋಡಿದಳು. "ಇದರೊಳಗೆ ನೀವು ಭಾವ ಭಾವ ಮಲಗಿಕೊಳ್ಳಿ" ಅಂದು ಇಳಿದಳು. ಅವಳ ತೀರ್ಪಿನ ಮೇಲೆ ಅಪೀಲು ಇಲ್ಲ.

ಪಾಪ್-ಟಾಪ್‌ಗೆ ಅನ್ಯಾಯ ಆಗಬಾರದು. ಮಳೆಗೆ ಮೊದಲು, ಏಪ್ರಿಲ್ ಕೊನೆಗೆ, ನಾವು ಅದರಲ್ಲಿ ಮಲಗಿದ್ದೆವು. ಮೂರು ಬದಿಯ ಜಾಲಿ ಕಿಟಕಿ ತೆರೆದಿಟ್ಟರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಸೆಖೆಗಾಲದಲ್ಲಿ ಮನೆಯೊಳಗಿಗಿಂತ ಅಲ್ಲೇ ಸುಖ. ಡಿಸೆಂಬರ್‌ನಲ್ಲಿ ಪೊಸಡಿ ಗುಂಪೆಯ ಹತ್ತಿರವೋ ರಾಣಿಪುರದ ಕಡೆಗೋ ಹೋಗುವವನಿಗೆ ಅದರಷ್ಟು ಚಂದ ಬೇರೆ ಇಲ್ಲ. ಬಳ್ಳಾರಿ, ವಿಜಯಪುರದ ಕಡೆ ಇದ್ದಿದ್ದರೆ ನಾನೂ ಭಾವನ ಪಕ್ಷಕ್ಕೇ ಹೋಗುತ್ತಿದ್ದೆನೋ ಏನೋ. ಇಲ್ಲಿ ಇನ್ನೊಂದು ತಕರಾರು ಇದೆ. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆಯಲ್ಲಿ ಆನೆ ತೋಟಕ್ಕೆ ಇಳಿಯುತ್ತದೆ. ತಗಡಿನ ಗೋಡೆ ಆನೆಯನ್ನು ತಡೆಯುತ್ತದೆ ಅಂತ ಅಲ್ಲ. ಆದರೆ ಪಾಪ್-ಟಾಪ್ ಇಳಿಸಿ, ಬಟ್ಟೆ ಒಳಗೆ ತಳ್ಳಿ, ಕ್ಲಿಪ್ ಹಾಕಿ, ಕೆಳಗೆ ಬಂದು ಗಾಡಿ ಸ್ಟಾರ್ಟ್ ಮಾಡುವುದು ಬೇರೆ, ಹಾಸಿಗೆಯಿಂದ ನೇರ ಸ್ಟೇರಿಂಗಿಗೆ ಹೋಗುವುದು ಬೇರೆ.

ಹೀಗೆ ಹೈ ರೂಫ್. ತೆಗೆದುಕೊಂಡದ್ದು ಖಾಸಗಿ ನೋಂದಣಿಯ, ಕೈ ಬದಲಿಸಿದ ಟಾಟಾ ವಿಂಗರ್. ವಿಂಗರ್ 2007ರಿಂದ ಇದೆ. ಮುಂದಿನ ಚಕ್ರಕ್ಕೆ ಎಳೆತ ಇರುವುದರಿಂದ ಕೆಳಗೆ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ನೆಲ ತಗ್ಗಿದೆ. ಒಳಗೆ ಜಾಸ್ತಿ ಎತ್ತರ ಸಿಗುವುದು ಹಾಗೆ. ಟೇಪು ಹಿಡಿದರೆ ಒಳಗೆ ಆರಡಿ ಎರಡಿಂಚು, ಹೊರಗೆ ಎಂಟಡಿಗಿಂತ ಚೂರು ಮೇಲೆ. ಕೆಲವು ವಿಂಗರ್‌ಗಳು ತಗ್ಗು ಮಾಡಿನವೂ ಇವೆ, ಫೋಟೋ ನೋಡಿ ಹೋಗಬೇಡಿ, ಒಳಗೆ ಹತ್ತಿ ನಿಂತು ನೋಡಿ. ಹಳೆಯ ಹೈ ರೂಫ್ ಕೊಳ್ಳುವಾಗ ನಾನು ನೋಡಿದ್ದು ಎಂಜಿನ್‌ಗಿಂತ ಮೊದಲು ಮಾಡಿನ ಜೋಡಣೆಯ ಗೆರೆ. ಬದಿಯ ತಗಡು ಮತ್ತು ಮಾಡು ಸೇರುವಲ್ಲಿ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ. ಅದರಲ್ಲಿ ಕಸ ಕೂತು, ನೀರು ನಿಂತು, ಉಪ್ಪುಗಾಳಿ ತಾಗಿ ತುಕ್ಕು ಹಿಡಿಯುತ್ತದೆ. ಉಗುರಿನಲ್ಲಿ ಕೆರೆದು ನೋಡಬೇಕು. ಪೇಂಟ್ ಗುಳ್ಳೆಯ ಹಾಗೆ ಎದ್ದಿದ್ದರೆ ಕೆಳಗೆ ಕತೆ ಮುಗಿದಿದೆ.

ನಮ್ಮದರಲ್ಲಿ ಕಾಲುವೆ ಪರವಾಗಿಲ್ಲ. ರಗಳೆ ಇದ್ದದ್ದು ಮಾಡಿನ ಗಾಳಿಕಿಂಡಿಯಲ್ಲಿ. ಆ ಕಿಂಡಿ ಮೊದಲೇ ಇತ್ತು, ನಾನು ಹೊಸದಾಗಿ ಏನೂ ಕತ್ತರಿಸಲಿಲ್ಲ. ಸುತ್ತ ಯಾರೋ ಪದರ ಪದರವಾಗಿ ಸಿಲಿಕಾನ್ ಹಾಕಿದ್ದರು. ಸೋರಿದಾಗೆಲ್ಲ ಹಳೆಯದರ ಮೇಲೆ ಹೊಸದು. ಸಿಲಿಕಾನ್ ಮೇಲೆ ಸಿಲಿಕಾನ್ ಸರಿಯಾಗಿ ಹಿಡಿಯುವುದಿಲ್ಲ, ಪೇಂಟೂ ನಿಲ್ಲುವುದಿಲ್ಲ, ಪಿಯು ಅಂಟೂ ಕೂರುವುದಿಲ್ಲ. ಎಲ್ಲ ಕಿತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್, ಪೆಟ್ರೋಲು, ಹಳೆಯ ಬನಿಯನ್ನು, ಇಷ್ಟೇ ಆಯುಧ. ಕೊನೆಯ ಜಿಡ್ಡು ಹೋಯಿತೋ ಇಲ್ಲವೋ ನೋಡಲು ಉಪಾಯ ಇದೆ. ಮೇಲೆ ನೀರು ಚಿಮುಕಿಸಿ. ನೀರು ತೆಳ್ಳಗೆ ಹರಡಿದರೆ ಶುದ್ಧ, ಮುತ್ತಿನಂತೆ ಉರುಳಿದರೆ ಇನ್ನೂ ಸಿಲಿಕಾನ್ ಇದೆ.

ತುಕ್ಕಿದ್ದ ಕಡೆ ತಂತಿ ಬ್ರಶ್ಶಿನಲ್ಲಿ ಬಿಳಿ ತಗಡು ಕಾಣುವ ತನಕ ಉಜ್ಜಿದೆ. ಜಿಂಕ್ ಪ್ರೈಮರ್ ಎರಡು ಕೈ, ಪೇಂಟ್ ಎರಡು ಕೈ. ಕಿಂಡಿಯ ಚೌಕಟ್ಟನ್ನು ಬ್ಯುಟೈಲ್ ಟೇಪ್ ಮೇಲೆ ಕೂರಿಸಿದೆ. ಈ ಟೇಪು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬಿಸಿಲಿಗೆ ತಗಡು ಹಿಗ್ಗಿದಾಗ, ರಾತ್ರಿ ಕುಗ್ಗಿದಾಗ ಅದರ ಜೊತೆಗೇ ಎಳೆದುಕೊಂಡು ಇರುತ್ತದೆ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯಬಾರದು. ಎದುರುಬದುರು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬಂದರೆ ಟೇಪು ಸುತ್ತಲೂ ಒಂದೇ ಸಮ ಹೊರಗೆ ಇಣುಕುತ್ತದೆ. ಮರುದಿನ ಇನ್ನೊಮ್ಮೆ ಬಿಗಿದೆ, ಇಣುಕಿದ್ದನ್ನು ಕತ್ತರಿಸಿದೆ. ಅಂಚಿಗೆ ಪಿಯು. ತೋಟಕ್ಕೆ ನೀರು ಬಿಡುವ ಪೈಪು ತಂದು ಅರ್ಧ ಗಂಟೆ ಮೇಲಿಂದ ಹಿಡಿದೆವು. ಒಳಗೆ ಭಾವ ಟಾರ್ಚ್ ಹಿಡಿದು ಕೂತ. ಒಂದು ಹನಿಯಾದರೂ ಬರಲಿ ಅಂತ ಅವನ ಆಸೆ ಇತ್ತು ಅಂತ ನನ್ನ ಅನುಮಾನ. ಬರಲಿಲ್ಲ.

ಹೈ ರೂಫ್‌ನ ದೊಡ್ಡ ದೋಷ ಸೆಖೆ. ಮೇ ತಿಂಗಳ ಮಧ್ಯಾಹ್ನ ಆ ಮಾಡಿನ ಒಳಮೈಗೆ ಕೈ ಇಡಲಾಗುವುದಿಲ್ಲ. ಎಸಿ ಡಕ್ಟ್‌ಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮ್ 19 ಮಿಲಿಮೀಟರ್ ದಪ್ಪದ್ದು ಮಂಗಳೂರಿನಿಂದ ತಂದೆ. ಅದರೊಳಗಿನ ಗುಳಿಗಳು ಮುಚ್ಚಿಕೊಂಡಿರುತ್ತವೆ, ನೀರು ಹೀರುವುದಿಲ್ಲ. ಗ್ಲಾಸ್ ವೂಲ್ ಅಗ್ಗ, ಆದರೆ ಈ ಊರಿನಲ್ಲಿ ಅದು ತೇವ ಹಿಡಿದು ಜೋತು ಬೀಳುತ್ತದೆ, ತಗಡಿಗೆ ತುಕ್ಕು ತರುತ್ತದೆ. ಫೋಮ್‌ಗೂ ತಗಡಿಗೂ ನಡುವೆ ಗಾಳಿ ಉಳಿಯದ ಹಾಗೆ ಪೂರ್ತಿ ಅಂಟಿಸಬೇಕು. ಗಾಳಿ ಉಳಿದಲ್ಲೇ ಹನಿಗಟ್ಟುವುದು. ತಗ್ಗು ಉಬ್ಬು ಇರುವ ಕಡೆ ಚಿಕ್ಕ ಚಿಕ್ಕ ತುಂಡು ಮಾಡಿ ಒತ್ತಿದೆ. ಅದರ ಮೇಲೆ ತೆಳು ಪಿವಿಸಿ ಪ್ಯಾನೆಲ್. ಪ್ಲೈವುಡ್ ಚಂದ, ಆದರೆ ಬೂಷ್ಟಿಗೆ ಅದೂ ಊಟವೇ. ಕಿಂಡಿಯ ಒಳಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಎರಡು, ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳುವ ಹಾಗೆ. ಎರಡೂ ಸೇರಿ ಏಳೆಂಟು ವ್ಯಾಟ್. ರಾತ್ರಿಯಿಡೀ ಓಡಿದರೂ ಬ್ಯಾಟರಿಗೆ ಭಾರ ಇಲ್ಲ. ಎದುರಿನ ಕಿಟಕಿ ಎರಡು ಬೆರಳು ತೆರೆದಿಡಬೇಕು, ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಭಾವನ ಪಾಪ್-ಟಾಪ್‌ನ ಗಾಳಿ ಇದರಲ್ಲಿ ಬರುವುದಿಲ್ಲ. ಒಪ್ಪುತ್ತೇನೆ. ನೆಲಕ್ಕೆ ಪ್ಲೈ, ಮ್ಯಾಟ್, ಮೇಲೆ ಫೋಮ್ ಎಲ್ಲ ಆದ ಮೇಲೆ ಆರಡಿ ಉಳಿಯಿತು. ನನಗೆ ಐದಡಿ ಎಂಟಿಂಚಿಗೆ ಧಾರಾಳ.

ಇನ್ನೊಂದು ತಲೆಬಿಸಿ ಹೊರಗಿನ ಎತ್ತರ. ಮುಖ್ಯರಸ್ತೆಯಲ್ಲಿ ಚಿಂತೆ ಇಲ್ಲ, ಲಾರಿ ಹೋಗುವಲ್ಲಿ ಇದೂ ಹೋಗುತ್ತದೆ. ಮನೆಯ ದಾರಿಯೇ ಕಷ್ಟ. ಎರಡು ಬದಿ ಗೇರುಮರ, ಮೇಲೆ ಹಲಸಿನ ಕೊಂಬೆ, ಅದರ ಕೆಳಗೆ ಜೋತ ಕೇಬಲ್ ವಯರು, ಕೊನೆಗೆ ಅಂಗಳಕ್ಕೆ ಹಾಕಿದ ಶೀಟಿನ ಮಾಡು. ಇದಕ್ಕೆ ನಾನು ಬಳಸಿದ್ದು ಅಡಕೆ ಕೊಯ್ಯುವ ದೋಟಿ. ಗಾಡಿಯ ಎತ್ತರಕ್ಕೆ ಅರ್ಧ ಅಡಿ ಸೇರಿಸಿ ದೋಟಿಗೆ ಕೆಂಪು ಟೇಪು ಸುತ್ತಿ, ಅದನ್ನು ನೆಟ್ಟಗೆ ಹಿಡಿದು ರಸ್ತೆಯಿಂದ ಅಂಗಳದ ತನಕ ನಡೆದೆ. ತಾಗಿದ ಕಡೆಯೆಲ್ಲ ಗುರುತು. ಹಲಸಿನ ಎರಡು ಕೊಂಬೆ ಕಡಿಸಿದೆ. ಕೇಬಲ್‌ನವರು ಬಂದು ವಯರು ಎತ್ತಿ ಕಟ್ಟಿದರು. ಮಳೆ ಬಂದಾಗ ಕೊಂಬೆ ನೀರಿನ ಭಾರಕ್ಕೆ ಬಾಗುತ್ತದೆ, ಬೇಸಿಗೆಯಲ್ಲಿ ಅಳೆದರೆ ಸಾಲದು. ಶೀಟಿನ ಕೆಳಗೆ ಗಾಡಿ ಹೋಗುವುದಿಲ್ಲ, ಹಾಗಾಗಿ ವಿಂಗರ್ ಹೊರಗೇ ನಿಲ್ಲುತ್ತದೆ.

ಕಾಸರಗೋಡಿನಲ್ಲಿ ಕಡಲ ಬದಿಗೆ ಹೋಗಬೇಕಾದರೆ ಬಹಳ ಕಡೆ ರೈಲು ಹಳಿ ದಾಟಬೇಕು. ಹಳಿಯ ಕೆಳಗಿನ ಚಿಕ್ಕ ದಾರಿಗಳಿಗೆ ಎತ್ತರದ ಗಾಡಿಯನ್ನು ತಡೆಯುವ ಕಬ್ಬಿಣದ ಅಡ್ಡಪಟ್ಟಿ ಹಾಕಿರುತ್ತಾರೆ, ಎತ್ತರದ ಮಿತಿಯನ್ನು ಮೀಟರ್‌ನಲ್ಲಿ ಬರೆದಿರುತ್ತಾರೆ. ನಾನು ಗಾಡಿಯ ಎತ್ತರವನ್ನು ಮೀಟರ್‌ನಲ್ಲೇ ಬರೆದು ಸ್ಟೇರಿಂಗ್ ಹಿಂದೆ ಅಂಟಿಸಿದ್ದೇನೆ. ಅಡಿಯಿಂದ ಮೀಟರಿಗೆ ಲೆಕ್ಕ ಹಾಕುವುದು ಅಲ್ಲಿ ನಿಂತುಕೊಂಡು ಆಗುವ ಕೆಲಸವಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ.

ಗಾಳಿಗೆ ಎತ್ತರದ ಗಾಡಿ ತೂಗುವುದು ನಿಜ. ಚಂದ್ರಗಿರಿ ಸೇತುವೆಯ ಮೇಲೆ ಕಡಲಗಾಳಿ ಬದಿಯಿಂದ ಹೊಡೆದಾಗ ಸ್ಟೇರಿಂಗ್ ಎರಡೂ ಕೈಯಲ್ಲಿ ಇರಬೇಕು. ಡೀಸೆಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಮಾತೂ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ, 100ರಲ್ಲಿ ಓಡಿಸುವವರಿಗೆ ಅದು ಲೆಕ್ಕ. ಸಂಪಾಜೆ ಘಾಟಿ ಹತ್ತುವವನಿಗೆ ಗಾಳಿಗಿಂತ ಗಾಡಿಯ ತೂಕ ಮುಖ್ಯ. ಅದಕ್ಕೇ ಭಾರದ್ದೆಲ್ಲ ಕೆಳಗೆ ಇಟ್ಟೆ. ನೀರಿನ ಕ್ಯಾನು, ಬ್ಯಾಟರಿ, ಗ್ಯಾಸ್ ಎಲ್ಲ ನೆಲದ ಮಟ್ಟದಲ್ಲಿ. ಮಾಡಿನ ಹತ್ತಿರದ ಕಪಾಟಿನಲ್ಲಿ ಬಟ್ಟೆ, ಹೊದಿಕೆ ಬಿಟ್ಟರೆ ಏನೂ ಇಲ್ಲ.

ಸೀಟು ಕಡಿಮೆ ಮಾಡುವುದಕ್ಕೂ ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು. ಅರ್ಜಿ ಕೊಟ್ಟು, ಕಾಗದ ಕೈಗೆ ಬಂದ ಮೇಲೆಯೇ ಸ್ಪ್ಯಾನರ್ ಹಿಡಿದೆ. ಹಾಸಿಗೆಯ ಚೌಕಟ್ಟು ಸೀಟಿನ ಹಳೆಯ ಬೋಲ್ಟ್ ತೂತುಗಳಿಗೇ ಕೂರುತ್ತದೆ, ವೆಲ್ಡಿಂಗ್ ಎಲ್ಲೂ ಇಲ್ಲ. ಅಡ್ಡಕ್ಕೆ ಮಲಗೋಣ ಅಂದರೆ ಪ್ಯಾನೆಲ್ ಹಾಕಿದ ಮೇಲೆ ಒಳಗಿನ ಅಗಲ ನನ್ನ ಉದ್ದಕ್ಕೆ ಸಾಲುವುದಿಲ್ಲ, ಕಾಲು ಮಡಚಬೇಕು. ಉದ್ದಕ್ಕೇ ಹಾಕಿದೆವು, ಬಾಗಿಲ ಎದುರಿನ ಬದಿಗೆ. ಎತ್ತರ ಇರುವುದರಿಂದ ಹಿಂದುಗಡೆ ಮೇಲೊಂದು ಮಡಚುವ ಹಲಗೆ ಸಿಕ್ಕಿತು. ಮಗಳು ಅಲ್ಲಿ ಮಲಗುತ್ತಾಳೆ. ಅವಳ ಮೂಗಿಗೂ ಮಾಡಿಗೂ ನಡುವೆ ಒಂದೂವರೆ ಅಡಿ.

ಭಾವ ಈಕೋದ ಮಾಡು ಮುಟ್ಟಿಲ್ಲ. ಅದರ ಡಿಕ್ಕಿ ಬಾಗಿಲು ಮೇಲೆ ಏಳುವಂಥದ್ದು. ಆ ಬಾಗಿಲಿಗೆ ಕೊಕ್ಕೆ ಹಾಕಿ ಸಿಕ್ಕಿಸುವ ಟೆಂಟನ್ನು ಅದೇ ರಿಕ್ಷಾ ಹುಡ್‌ನವರ ಹತ್ತಿರ ಹೊಲಿಸುತ್ತಿದ್ದಾನೆ. ನಿಲ್ಲುವುದು, ಅಡುಗೆ ಮಾಡುವುದು ಟೆಂಟಿನಲ್ಲಿ, ಮಲಗುವುದು ಗಾಡಿಯಲ್ಲಿ. ಗಾಡಿಗೆ ಒಂದು ತೂತೂ ಬೀಳುವುದಿಲ್ಲ, ಒದ್ದೆಯಾದರೆ ಬಿಚ್ಚಿ ಅಟ್ಟದಲ್ಲಿ ಒಣಗಿಸಬಹುದು. ಬಟ್ಟೆ ಅಕ್ರಿಲಿಕ್ಕೇ ಆಗಬೇಕು ಅಂತ ಹೇಳಿದ್ದೇನೆ. ದರ ಕೇಳಿ ಯೋಚನೆ ಮಾಡುತ್ತಿದ್ದಾನೆ.